ಫರಸಿಯ ಮೇಲೆ ಬರೆದ ಪ್ರೋಗ್ರಾಮು

ನಮ್ಮ ಮನೆಗೆ ಮೊದಲ ಸಲ ಬಂದವರು ನನ್ನನ್ನು ನೋಡಿ ಸ್ವಲ್ಪ ಗಾಬರಿಯಾಗುತ್ತಾರೆ. ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ ಹೆಂಗಸು ಏಕಾಏಕಿ ಎದ್ದು ನಡುಮನೆಯ ಶಹಾಬಾದಿ ಫರಸಿಯ ಕಲ್ಲುನೆಲದ ಮೇಲೆ ಒಂದೊಂದೇ ಕಲ್ಲು ಹಿಡಿದು ನಡೆಯತೊಡಗುತ್ತಾಳೆ. ಒಂದು ಕಲ್ಲಿನ ಮೇಲೆ ನಿಂತು ಏನೋ ಗೊಣಗುತ್ತಾಳೆ, ಮುಂದಿನ ಕಲ್ಲಿಗೆ ಹೋಗುತ್ತಾಳೆ, ತಲೆ ಕೊಡವಿ ಮತ್ತೆ ಹಿಂದಕ್ಕೆ ಬರುತ್ತಾಳೆ. ನನ್ನ ಯಜಮಾನರು ಬಂದವರ ಕೈಗೆ ನೀರಿನ ತಂಬಿಗೆ ಕೊಡುತ್ತ, "ಏನಿಲ್ರಿ, ಪ್ರೋಗ್ರಾಮ್ ಬರೀಲಿಕತ್ತಾಳ. ಮೈಯಾಗ ದೇವ್ರೇನೂ ಬಂದಿಲ್ಲ, ನೀವು ಬರ್ರಿ ಒಳಗ," ಎಂದು ಸಮಾಧಾನ ಹೇಳುತ್ತಾರೆ.

ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಸೇಡಂನ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ರಾಜರ ವಂಶಾವಳಿ ಕೇಳಿ, ನಿದ್ದೆಗಣ್ಣಲ್ಲಿ ಹೇಳುತ್ತೇನೆ. ಆದರೆ ಕಂಪ್ಯೂಟರ್ ಅಂದರೆ ನನ್ನ ಪಾಲಿಗೆ ಬಹಳ ಕಾಲ ಅರ್ಧ ದೇವರಾಗಿತ್ತು. ನಮ್ಮ ಶಾಲೆಯಲ್ಲಿ ಅದಕ್ಕೊಂದು ಪ್ರತ್ಯೇಕ ಕೋಣೆ. ಹೂವಿನ ಚಿತ್ತಾರದ ಬಟ್ಟೆ ಹೊದಿಸಿಟ್ಟಿರುತ್ತಿದ್ದೆವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆಯುಧಪೂಜೆಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಕೈಮುಗಿದು ಬಾಗಿಲು ಹಾಕಿಕೊಂಡು ಬರುತ್ತಿದ್ದೆವು. ಅದನ್ನು ಒತ್ತಿದರೆ ಏನಾಗುತ್ತದೆ ಎಂದು ನಾನು ಕೇಳಿದವಳಲ್ಲ. ಒತ್ತಿ ಕೆಟ್ಟರೆ ಯಾರ ತಲೆಗೆ ಬರುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಈಗ ಶಾಲೆಗೆ ಹೊಸದಾಗಿ ಸೇರಿದ ಮೇಡಂಗಳು, "ಈ ವಯಸ್ಸಿಗೆ ಹ್ಯಾಂಗ ಕಲಿತ್ರಿ, ಯಾವ ಕೋರ್ಸ್ ಮಾಡಿದ್ರಿ?" ಎಂದು ಕೇಳುತ್ತಾರೆ. ನಾನು ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ. ನೆಲದ ಮೇಲೆ ನಡೆದು ಕಲಿತೆ ಎಂದರೆ ನಂಬುವುದು ಕಷ್ಟ. ನೀವಾದರೂ ನಂಬುತ್ತೀರಿ ಎಂದು ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ವಾಡಿಯಲ್ಲಿ. ಅಪ್ಪ ಅಲ್ಲಿನ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಗಾಡಿಗಳನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕೆಲಸ. ನಮ್ಮ ಮನೆಯ ನೆಲವೂ ಎಲ್ಲರ ಮನೆಯ ನೆಲದಂತೆ ಶಹಾಬಾದಿನ ಕಲ್ಲೇ. ಆ ಕಲ್ಲಿನ ಸುಖ ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕೆನ್ನೆ ಇಟ್ಟು ಮಲಗಿದವರಿಗೇ ಗೊತ್ತು. ಹೊರಗೆ ಸುಣ್ಣದ ಧೂಳು ಬಿಸಿಲಲ್ಲಿ ಮಿಣಮಿಣ ತೇಲುತ್ತಿರುತ್ತದೆ, ಒಳಗೆ ಕಲ್ಲು ತಣ್ಣಗೆ ಕಿವಿಯ ಹತ್ತಿರ ಏನೋ ಗುಂಯ್‌ಗುಟ್ಟುತ್ತದೆ. ದೂರದಲ್ಲಿ ಗೂಡ್ಸ್ ಗಾಡಿ ಹೋದರೆ ಮೊದಲು ಕೆನ್ನೆಗೆ ತಿಳಿಯುತ್ತಿತ್ತು, ಆಮೇಲೆ ಕಿವಿಗೆ. ಒಂದು ಕಲ್ಲು ಬೂದಿ, ಒಂದು ನೀಲಿ, ಒಂದರಲ್ಲಿ ಹಳದಿ ಕಲೆ. ಮಕ್ಕಳೆಲ್ಲ ನಮಗೊಂದೊಂದು ಕಲ್ಲು ಹಂಚಿಕೊಂಡು ಬಳಪದಿಂದ ಬರೆಯುತ್ತಿದ್ದೆವು. ನನ್ನ ಕಲ್ಲಿನ ಮೇಲೆ ನಾನು ಊರುಗಳ ಹೆಸರು ಬರೆಯುತ್ತಿದ್ದೆ. ಹೆಸರೆಲ್ಲ ಅಪ್ಪನಿಂದ ಬಂದವು.

ಅಪ್ಪ ಅಂದರೆ ಮಾತು. ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆಯುವ ಮೊದಲೇ ಶುರು. ಯಾವ ಗಾಡಿ ಎಲ್ಲಿ ನಿಂತಿತು, ಕಿಟಕಿಯಿಂದ ಯಾವ ಮುದುಕಿ ಏನು ಕೇಳಿದಳು, ಅದಕ್ಕೆ ತಾನೇನು ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತ ಹೂಂಗುಟ್ಟುತ್ತಿದ್ದಳು. ಅಪ್ಪನ ಮಾತಿನ ಜೊತೆಗೇ ಅನ್ನ ಬೇಯುತ್ತಿತ್ತು, ದೀಪ ಹತ್ತುತ್ತಿತ್ತು, ನಮಗೆ ನಿದ್ದೆ ಬರುತ್ತಿತ್ತು. ಆ ಮಾತು ಒಂದು ದಿನ ನಿಲ್ಲಬಹುದು ಎಂದು ನಾವು ಯಾರೂ ಯೋಚಿಸಿರಲಿಲ್ಲ.

ಅವ್ವ ಹೋದ ಕೆಲವು ವರ್ಷಕ್ಕೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಬುದ್ಧಿ ಮಾತ್ರ ಹಾಗೇ ಇತ್ತು. ಯಾರು ಬಂದರು, ಯಾರು ಸುಳ್ಳು ಹೇಳಿದರು, ಎಲ್ಲವೂ ಆ ಕಣ್ಣಿಗೆ ತಿಳಿಯುತ್ತಿತ್ತು. ಎಡಗೈಯ ಹೆಬ್ಬೆರಳು ಚೆನ್ನಾಗಿ ಆಡುತ್ತಿತ್ತು. ಅವನನ್ನು ನೋಡಿಕೊಳ್ಳುತ್ತಿದ್ದವಳು ತಮ್ಮನ ಹೆಂಡತಿ ಸುನಂದಾ. ನಾನು ಶನಿವಾರ ಶಾಲೆ ಬಿಟ್ಟ ಮೇಲೆ ಸೇಡಂನಿಂದ ಪ್ಯಾಸೆಂಜರ್ ಹಿಡಿದು ವಾಡಿಗೆ ಬಂದು, ಭಾನುವಾರ ಸಂಜೆಯ ಗಾಡಿಗೆ ಹಿಂತಿರುಗುತ್ತಿದ್ದೆ. ಬಂದಷ್ಟು ಹೊತ್ತೂ ಓಡಾಟ. ಔಷಧಿ ನೋಡು, ಹಾಸಿಗೆ ಬದಲಿಸು, ಸುನಂದಾಳಿಗೆ ಅಡುಗೆಯಲ್ಲಿ ಕೈಹಚ್ಚು. ನಡುನಡುವೆ ನಾವಿಬ್ಬರೂ ಮಂಚದ ಪಕ್ಕ ನಿಂತು ಕೇಳುತ್ತಿದ್ದೆವು.

"ನೀರ್ ಬೇಕೇನ್ರಿ ಮಾವಾ? ಚಾ? ಫ್ಯಾನ್ ಹಾಕ್ಲೇನು? ಕಾಲ್ ನೋಯಲಿಕತ್ತಾವೇನಪ್ಪಾ?"

ಅಪ್ಪ ಒಂದೆರಡು ಸಲ ತಲೆ ಅಲ್ಲಾಡಿಸುತ್ತಿದ್ದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದ. ಅವನು ಹೇಳಬೇಕೆಂದದ್ದು ನಮ್ಮ ಪ್ರಶ್ನೆಗಳಲ್ಲಿ ಇರಲಿಲ್ಲ. ಅದೇನೆಂದು ತಿಳಿಯದೆ ಅಪ್ಪ ಹೀಗೇ ಗೋಡೆ ನೋಡುತ್ತ ಹೋಗಿಬಿಟ್ಟರೆ ಎಂಬ ಹೆದರಿಕೆ ನನ್ನನ್ನು ಪಾಠ ಮಾಡುವಾಗಲೂ ಹಿಡಿಯುತ್ತಿತ್ತು.

ಯಾರೋ ಹೇಳಿದರು, ಮಾತು ಬಾರದವರಿಗೆ ಮೊಬೈಲಿನಲ್ಲೇ ವ್ಯವಸ್ಥೆ ಇದೆ, ಮಾತು ಒತ್ತಿದರೆ ಅದೇ ಹೇಳುತ್ತದೆ ಎಂದು. ಹಾಕಿಕೊಂಡು ಬಂದೆ. ಅಪ್ಪನ ಹೆಬ್ಬೆರಳು ಹಿಡಿದು ಒತ್ತಿಸಿದೆ. "ದಯವಿಟ್ಟು ನನಗೆ ಕುಡಿಯಲು ನೀರನ್ನು ಕೊಡಿ," ಎಂದು ಒಬ್ಬ ಹೆಣ್ಣುಮಗಳು ವಾರ್ತೆ ಓದಿದಳು. ಅಪ್ಪ ಮೊಬೈಲನ್ನೂ ನನ್ನನ್ನೂ ನೋಡಿದ ನೋಟದಲ್ಲಿ, ಯಾರಿವಳು ನಮ್ಮ ಮನೆಯೊಳಗೆ ಎಂಬ ಪ್ರಶ್ನೆ ಇತ್ತು. ಆಮೇಲೆ ಅದನ್ನು ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ಯಾರಿಗೂ ದಯವಿಟ್ಟು ಅಂದವನಲ್ಲ. ನಮ್ಮ ಕಡೆ ದಯೆ ದನಿಯಲ್ಲಿರುತ್ತದೆ, ಅದಕ್ಕೆ ಬೇರೆ ಶಬ್ದ ಬೇಕಾಗುವುದಿಲ್ಲ.

ಹಾಗಾದರೆ ನಾನೇ ಮಾಡುತ್ತೇನೆ ಎಂದುಬಿಟ್ಟೆ. ಪರದೆಯ ಮೇಲೆ ಒಂದೊಂದೇ ಮಾತು ದೊಡ್ಡದಾಗಿ ಬಂದು ಸ್ವಲ್ಪ ಹೊತ್ತು ನಿಲ್ಲಬೇಕು. ಬೇಕಾದ ಮಾತು ಬಂದಾಗ ಅಪ್ಪ ಹೆಬ್ಬೆರಳಿನಿಂದ ಕೀಬೋರ್ಡಿನ ಒಂದು ಕೀಲಿ ಒತ್ತಿದರೆ, ಅದು ನಮ್ಮ ಮಾತಿನಲ್ಲಿ ಕೇಳಿಸಬೇಕು. ಇಷ್ಟೇ. ಹೇಳುವಾಗ ಭಾಳ ಸುಲಭ ಅನಿಸಿತ್ತು.

ಮೊದಲು ಮೊಬೈಲಿನಲ್ಲಿ ವೀಡಿಯೊ ನೋಡಿದೆ. ಹೆಬ್ಬಾವಿನ ಹೆಸರಿನ ಒಂದು ಕಂಪ್ಯೂಟರ್ ಭಾಷೆ ಇದೆ, ಹೊಸಬರಿಗೆ ಅದೇ ಒಳ್ಳೆಯದು ಎಂದು ಎಲ್ಲರೂ ಹೇಳಿದರು. ನೋಡುತ್ತಿದ್ದರೆ ಎಲ್ಲವೂ ತಿಳಿಯುತ್ತಿತ್ತು. ಹುಡುಗ ಬರೆಯುತ್ತಿದ್ದ, ನಾನು ಹೌದ್ಹೌದು ಎನ್ನುತ್ತಿದ್ದೆ. ವೀಡಿಯೊ ನಿಲ್ಲಿಸಿ ನಾನು ಬರೆಯಹೊರಟರೆ ಕೈ ಮುಂದಕ್ಕೆ ಹೋಗದು. ಸುನಂದಾ ರೊಟ್ಟಿ ಬಡಿಯುವುದನ್ನು ಎಷ್ಟು ವರ್ಷ ನೋಡಿದ್ದೇನೆ, ನನ್ನ ರೊಟ್ಟಿ ಇವತ್ತಿಗೂ ನಕ್ಷೆಯಲ್ಲಿನ ಆಸ್ಟ್ರೇಲಿಯಾ. ನೋಡುವುದು ಬೇರೆ, ಕಲಿಯುವುದು ಬೇರೆ ಎಂದು ಮಕ್ಕಳಿಗೆ ದಿನಾ ಹೇಳುವವಳಿಗೆ ಅದು ತನಗೂ ಅನ್ವಯಿಸುತ್ತದೆ ಎಂದು ತಿಳಿದಿರಲಿಲ್ಲ.

ಆಗ ಸ್ವಪ್ನಾ ಸಿಕ್ಕಳು. ಚಿಂಚೋಳಿಯ ಕಡೆಯವಳು, ಸೇಡಂನಲ್ಲಿ ಬೀಜದ ಅಂಗಡಿಯ ಮೇಲಿನ ಉದ್ದ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ವಯಸ್ಸಿನಲ್ಲಿ ನನ್ನ ಮಗಳಂಥವಳು. ನಾನು ಹೋದ ದಿನವೇ ಕರೆಂಟು ಹೋಯಿತು. ಎಲ್ಲರೂ ಎದ್ದು ಹೋಗುತ್ತೇವೆ ಅಂದುಕೊಂಡರೆ, ಆಕೆ ಬಳಪ ತೆಗೆದುಕೊಂಡು ನೆಲಕ್ಕೆ ಕೂತಳು. ಅಲ್ಲಿಯೂ ನಮ್ಮ ಫರಸಿಯೇ. ಒಂದೊಂದು ಕಲ್ಲಿನ ಮೇಲೆ ಒಂದೊಂದು ಸಂಗತಿ ಬರೆದಳು. ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಸೂಚನೆಗಳನ್ನು ಬರೆದಳು. ಆಮೇಲೆ ನನ್ನ ಕಡೆ ನೋಡಿದಳು.

"ಟೀಚರ್, ನೀವು ಈಗ ಮಷೀನು. ಹಲಗಿ ಮ್ಯಾಲ ಬರದದ್ದಷ್ಟೇ ಮಾಡ್ರಿ. ನಿಮ್ಮ ಶಾಣ್ಯಾತನ ಹೊರಗ ಚಪ್ಲಿ ಬಾಜೂಕ ಬಿಟ್ಟು ಬರ್ರಿ."

ಜಾಣತನ ಬಿಡುವುದು ಚಪ್ಪಲಿ ಬಿಟ್ಟಷ್ಟು ಸಲೀಸಲ್ಲ ನೋಡಿ. ಮುಂದಿನ ಕಲ್ಲಿಗೆ ಹೋಗು ಎಂದು ಬರೆದಿತ್ತು, ಹೋದೆ. ಮತ್ತೆ ಅದನ್ನೇ ಮಾಡು ಎಂದಿತ್ತು, ಮಾಡಿದೆ. ಗೋಡೆ ಬಂತು. ನಿಂತೆ. "ನಿಲ್ಲು ಅಂತ ಎಲ್ಲಿ ಬರದದ?" ಎಂದಳು. ಗೋಡೆ ಬಂದರೆ ಯಾರಾದರೂ ನಿಲ್ಲುತ್ತಾರಲ್ಲ ಎಂದೆ. "ಯಾರಾದ್ರೂ ನಿಲ್ತಾರ. ಮಷೀನ್ ನಿಲ್ಲಂಗಿಲ್ಲ." ಹೀಗಾಗಿ ನಾನು ಮೂಗು ಗೋಡೆಗೆ ಹಚ್ಚಿಕೊಂಡು, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯರು ಕೆಲವರು ಹಿಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಬಹಳ ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳಿಗೆ ಅಷ್ಟಾದರೂ ಬೇಕಿತ್ತು.

ಆದರೆ ಆ ಗೋಡೆಯ ಹತ್ತಿರವೇ ನನಗೆ ಮೊದಲ ಸಲ ಏನೋ ಬಗೆಹರಿಯಿತು. ಅಲ್ಲಿಯವರೆಗೆ ಮಷೀನಿಗೆ ಭಾಳ ಬುದ್ಧಿ ಇದೆ, ನನಗೆ ಕಮ್ಮಿ ಎಂದು ಅಂಜುತ್ತಿದ್ದೆ. ಅದಕ್ಕೆ ಹೇಳಿದ್ದು ಬಿಟ್ಟರೆ ಏನೂ ತಿಳಿಯದು ಎಂದು ಕಾಲಿಗೆ ಗೊತ್ತಾದ ಮೇಲೆ, ಅದರ ಮೇಲೆ ಸ್ವಲ್ಪ ಪ್ರೀತಿಯೇ ಹುಟ್ಟಿತು. ಆ ದಿನದಿಂದ ಚಿಕ್ಕಚಿಕ್ಕದು ಬರೆದೆ. ಒಂದು ಮಾತು ತೋರಿಸುವುದು. ಒಂದಾದ ಮೇಲೆ ಇನ್ನೊಂದು ತೋರಿಸುವುದು. ಕೊನೆಯದಾದ ಮೇಲೆ ಮೊದಲಿಗೆ ಬರುವುದು. ಬರೆಯುವ ಮೊದಲು ನಡೆದು ನೋಡುತ್ತಿದ್ದೆ, ಬರೆದದ್ದನ್ನು ಅಳಿಸಿ ನೋಡದೆ ಮತ್ತೆ ಬರೆಯುತ್ತಿದ್ದೆ. ಕರೆಂಟು ಬಂದಾಗ ಬೇಜಾರಾಗುವಷ್ಟು ನೆಲ ರೂಢಿಯಾಯಿತು.

ಉಳಿದದ್ದೆಲ್ಲ ರೈಲಿನಲ್ಲಿ ಬರೆದೆ ಎನ್ನಬೇಕು. ಚಿತ್ತಾಪುರ ದಾಟಿದ ಮೇಲೆ ಕಿಟಕಿಯ ಆಚೆ ತೊಗರಿ ಹೂಬಿಟ್ಟು ಹಳದಿಯೋ ಹಳದಿ. ಅದರ ನಡುವೆ ಕಲ್ಲಿನ ಗಣಿಯ ಗುಂಡಿಗಳಲ್ಲಿ ಹಸಿರು ನೀರು ನಿಂತಿರುತ್ತಿತ್ತು. ಗಾಡಿ ಸುಮ್ಮನೆ ಎಲ್ಲೋ ನಿಲ್ಲುತ್ತಿತ್ತು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ನಾನು ಕಿಟಕಿಗೆ ತಲೆ ಆನಿಸಿ, ಅಪ್ಪನ ಹೆಬ್ಬೆರಳು ಯಾವ ಮಾತಿಗೆ ಏಳಬಹುದು ಎಂದು ಯೋಚಿಸುತ್ತಿದ್ದೆ. ಮಾತುಗಳು ಹೊಲದ ಮೇಲೆ ಒಂದೊಂದೇ ಬಂದು ನಿಂತು ಹೋಗುವಂತೆ ಅನಿಸುತ್ತಿತ್ತು. ಒಮ್ಮೆ ಹೀಗೆ ಯೋಚಿಸುತ್ತಲೇ ವಾಡಿ ದಾಟಿ ಮುಂದೆ ಶಹಾಬಾದಿನಲ್ಲಿ ಇಳಿದಿದ್ದೇನೆ. ರೈಲ್ವೆಯವನ ಮಗಳು ಇಳಿಯುವ ಸ್ಟೇಷನ್ ಬಿಟ್ಟಳೆಂದು ಮನೆಯಲ್ಲಿ ಇನ್ನೂ ನಗುತ್ತಾರೆ.

ವಾಡಿಯ ಮನೆಯಲ್ಲಿ, ಅಪ್ಪನ ಮಂಚದ ಎದುರಿನ ನೆಲದ ಮೇಲೆ ಎಲ್ಲ ಮಾತುಗಳನ್ನು ಬಳಪದಿಂದ ಬರೆದೆ. ಒಂದು ಕಲ್ಲಿಗೆ ಒಂದು ಮಾತು. ನೀರು, ಚಾ, ಫ್ಯಾನು, ಚಾದರ, ಹೀಗೆ. ಅಪ್ಪನಿಗೆ ಅವ್ವನ ಬಗ್ಗೆ ಮಾತಾಡಬೇಕು ಅನಿಸಿದರೆ ಎಂದು ಒಂದರ ಮೇಲೆ ಅವ್ವ ಎಂದೂ ಬರೆದೆ. ಹೇಗೆ ನಡೆಯಬೇಕೆಂದು ಮೊದಲು ನಾನೇ ನಡೆದು ತೋರಿಸಿದೆ, ಆಮೇಲೆ ಸುನಂದಾ ಮಷೀನು. ಅಪ್ಪನ ಬದಲು ನಾನೇ ಮಂಚದ ಕಾಲಿನ ಹತ್ತಿರ ಕೂತು ಹೆಬ್ಬೆರಳು ಎತ್ತುವುದು, ಅವಳು ನಿಂತ ಕಲ್ಲಿನ ಮಾತು ಹೇಳುವುದು. ಅಪ್ಪ ಗೋಡೆ ಬಿಟ್ಟು ನಮ್ಮ ಕಡೆ ತಿರುಗಿ ಈ ಆಟವನ್ನೆಲ್ಲ ನೋಡುತ್ತಿದ್ದ. ಸುನಂದಾ ಒಂದು ತಪ್ಪೂ ಇಲ್ಲದೆ ನಡೆದಳು. ನನ್ನ ಪ್ರೋಗ್ರಾಮು ನೆಲದ ಮೇಲೆ ಪಾಸಾಯಿತು.

ಇನ್ನು ದನಿ. ಅಪ್ಪನ ಜೊತೆ ಒಂದೇ ರೈಲ್ವೆ ಯಾರ್ಡಿನಲ್ಲಿ ದುಡಿದ ಮೌಲಾಸಾಬ್ ಕಾಕಾ ಪಕ್ಕದ ಓಣಿಯಲ್ಲೇ ಇದ್ದಾರೆ. ಇಬ್ಬರ ಮಾತಿನ ಧಾಟಿ ಬೇರೆಬೇರೆ ಎಂದು ನಮಗೇ ಗೊತ್ತಾಗದಷ್ಟು ವರ್ಷ ಒಟ್ಟಿಗೆ ಮಾತಾಡಿದವರು. ದನಿ ಮುದ್ರಿಸಲು ಅವರಿಗೆ ಮೊಬೈಲು ಹಿಡಿಸಿ, "ಕಾಕಾ, ಒಂದೊಂದು ಕಲ್ಲಿನ ಮ್ಯಾಲ ನಿಂತು, ಅಪ್ಪ ಹ್ಯಾಂಗ ಅಂತಿದ್ದ ಹಂಗ ಹೇಳ್ರಿ," ಎಂದೆ. ಕಾಕಾ ಲುಂಗಿ ಎತ್ತಿ ಕಟ್ಟಿ ಹೊರಟರು. ನೀರು ಎಂದಿದ್ದಲ್ಲಿ, "ಏ, ಜರಾ ನೀರ್ ತಾ ಈ ಕಡಿ," ಎಂದರು. ಚಾ ಎಂದಿದ್ದಲ್ಲಿ, "ಚಾ ಹಾಕು, ಸಕ್ರಿ ಹೆಚ್ಚಿರಲಿ," ಎಂದರು. ಸಕ್ಕರೆ ಡಾಕ್ಟರು ಬೇಡ ಅಂದಿದ್ದಾರೆ ಎಂದರೆ, "ಬೇಟಿ, ಹಾಕೂದು ಬಿಡೂದು ನಿಮ್ಮ ಕೈಯಾಗ ಅದ. ಕೇಳೂದು ಅವನ ಹಕ್ಕು," ಎಂದರು. ಬರೆದ ಕಲ್ಲುಗಳೆಲ್ಲ ಮುಗಿದ ಮೇಲೂ ಅವರ ಬಾಯಿ ನಿಲ್ಲಲಿಲ್ಲ. ಬರೆಯದ ಕಲ್ಲುಗಳ ಮೇಲೂ ನಿಂತು ತಮಗೆ ನೆನಪಾದದ್ದನ್ನೆಲ್ಲ ಹೇಳಿದರು. ನಾನು ಸೇಡಂಗೆ ಹೋಗಿ ಒಂದನ್ನೂ ಬಿಡದೆ ಸೇರಿಸಿದೆ.

ಪ್ರೋಗ್ರಾಮು ಓಡಿಸಿದರೆ ಶುರುವಾಗುವ ಮೊದಲೇ ನಿಂತಿತು. ಪರದೆಯ ತುಂಬ ಕೆಂಪು ಅಕ್ಷರ. ನಾನು ತಕ್ಷಣ ಮುಚ್ಚಿದೆ. ಮತ್ತೆ ಓಡಿಸಿದೆ, ಮತ್ತೆ ಕೆಂಪು. ಬರೆದದ್ದನ್ನೆಲ್ಲ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ, ಸರಿಯಿದ್ದದ್ದನ್ನೂ ಕೆಡಿಸಿ ಸ್ವಪ್ನಾಳ ಮುಂದೆ ಇಟ್ಟೆ.

"ಕೆಂಪು ಅಕ್ಷರ ಓದಿದ್ರೇನು?"

"ಇಲ್ಲ."

"ಓದ್ರಿ ಟೀಚರ್. ಅದು ಬೈಯಲಿಕತ್ತಿಲ್ಲ. ಹೇಳಲಿಕತ್ತದ."

ಪ್ರಶ್ನೆಪತ್ರಿಕೆ ಓದದೆ ಉತ್ತರ ಬರೆಯುವ ಮಕ್ಕಳಿಗೆ ನಾನು ಏನೇನು ಅಂದಿದ್ದೇನೆ ಎಂಬುದು ನೆನಪಾಗಿ ಕಿವಿ ಬಿಸಿಯಾಯಿತು. ಓದಿದೆ. ಇಂಥ ಸಂಖ್ಯೆಯ ಮಾತಿಗೆ ದನಿ ಇಲ್ಲ ಎಂದಷ್ಟೇ ಅದು ಹೇಳುತ್ತಿತ್ತು. ಎಣಿಸಿ ನೋಡಿದೆ. ಆ ಸಂಖ್ಯೆಗೆ ಬಂದದ್ದು ಚಾದರ. ಚಾದರಕ್ಕೆ ದನಿ ಇತ್ತು. "ಚಾದರ ಹೊಚ್ಚು, ಥಂಡಿ ಅದ," ಎಂದು ಕಾಕಾ ನಡುಗುವ ದನಿಯಲ್ಲಿ ನಾಟಕದವರಂತೆ ಹೇಳಿದ್ದರು. ಮಷೀನು ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸಿ, ಮುನಿಸಿಕೊಂಡು ಶನಿವಾರದ ಗಾಡಿ ಹತ್ತಿದೆ.

ಮನೆಗೆ ಹೋಗಿ ಕೈಚೀಲ ಇಡುವಾಗ ನೆಲ ಕಂಡಿತು. ನಾನು ಬರೆದದ್ದೆಂದು ಸುನಂದಾ ಅಲ್ಲಿ ಒರೆಸಿರಲಿಲ್ಲ. ಓಡಾಡಿದವರ ಕಾಲಿಗೆ ಸಿಕ್ಕು ಮಾತುಗಳೆಲ್ಲ ಮಸುಕಾಗಿದ್ದವು. ನೀರು ಅಳಿಸಿಹೋಗಿತ್ತು, ಚಾ ಅರ್ಧ ಉಳಿದಿತ್ತು, ಚಾದರ ಕಾಣುತ್ತಿರಲಿಲ್ಲ. ಚಾದರದ ಪಕ್ಕದ ಕಲ್ಲಿನ ಮೇಲೆ ಮಾತ್ರ ಅಕ್ಷರ ಈಗಷ್ಟೇ ಬರೆದಷ್ಟು ಬೆಳ್ಳಗಿತ್ತು. ಅವ್ವ.

"ಸುನಂದಾ, ನೀ ಇದರ ಮ್ಯಾಲ ಕಾಲಿಟ್ಟಿಲ್ಲೇನು?"

"ಅಯ್ಯ ಅಕ್ಕಾ, ಅತ್ತೀನ ಹ್ಯಾಂಗ ತುಳೀಲಿ?" ಎಂದಳು, ನಾನೇ ಏನೋ ಅಪಚಾರ ಆಡಿದಂತೆ.

ಕಾಕಾರನ್ನು ಕರೆಸಿದೆ. "ಭಾಭಿ ಹೆಸರಿನ ಮ್ಯಾಲ ನಿಂದ್ರಬೇಕಂದ್ರ ನನ್ನ ಕಾಲ್ ಮುರೀಬೇಕು," ಎಂದರು. ಅವರು ಆ ಕಲ್ಲನ್ನು ದಾಟಿ ಹೋಗಿದ್ದರು, ನಿಲ್ಲದ ಕಲ್ಲಿನ ಮಾತನ್ನು ಹೇಳಿರಲಿಲ್ಲ. ಅದಕ್ಕೇ ದನಿ ಇಲ್ಲ. ಇವರಿಬ್ಬರಿಗೆ ಏನು ಹೇಳುವುದು, ಮೊದಲ ದಿನ ನಡೆದು ತೋರಿಸುವಾಗ ನಾನೂ ಅಲ್ಲಿ ಪಕ್ಕಕ್ಕೆ ಸರಿದು ಹೋಗಿದ್ದೆ. ಸರಿದೆ ಎಂದು ನನಗೇ ತಿಳಿದಿರಲಿಲ್ಲ. ಸ್ವಪ್ನಾಳಿಗೆ ಫೋನು ಮಾಡಿದರೆ ಮೊದಲು ನಕ್ಕಳು. ಆಮೇಲೆ, ಮಷೀನು ಸೊನ್ನೆಯಿಂದ ಎಣಿಸುತ್ತದೆ, ನೀವು ಒಂದರಿಂದ ಎಣಿಸಿದಿರಿ, ಅದಕ್ಕೇ ಪಕ್ಕದ ಕಲ್ಲಿಗೆ ಬಂದಿರಿ ಎಂದು ತಿಳಿಸಿದಳು. ಅದು ಸರಿಯಾಗಿಯೇ ಹೇಳಿತ್ತು, ನಾನೇ ಮುನಿಸಿಕೊಂಡಿದ್ದೆ.

ಅಷ್ಟರಲ್ಲಿ ಮಂಚದ ಕಡೆಯಿಂದ ಒಂದು ಸದ್ದು ಬಂತು. ಅಪ್ಪ ನಗುತ್ತಿದ್ದ. ಅರ್ಧ ಬಾಯಿ ನಗುತ್ತಿತ್ತು, ಕಣ್ಣುಗಳು ಪೂರ್ತಿ ನಗುತ್ತಿದ್ದವು. ಮಲಗಿದಲ್ಲಿಂದ ಅವನು ಮೊದಲ ದಿನವೇ ನೋಡಿದ್ದ, ಒಬ್ಬೊಬ್ಬರೇ ಅವನ ಹೆಂಡತಿಯ ಹೆಸರು ಬಂದಾಗ ಪಕ್ಕಕ್ಕೆ ಸರಿಯುವುದನ್ನು. ತಪ್ಪು ಎಲ್ಲಿದೆ ಎಂದು ಅವನೊಬ್ಬನಿಗೇ ಗೊತ್ತಿತ್ತು. ಹೇಳಲು ಮಾತಿರಲಿಲ್ಲ. ಅದು ಹೊಳೆದಾಗ ನನಗೆ ಅಳು ಬಂತು, ನಗುವೂ ಬಂತು.

ಕಾಕಾ ಕುರ್ಚಿಯ ಮೇಲೆ ಕೂತು, ತಲೆಯ ಟೋಪಿ ಸರಿಮಾಡಿಕೊಂಡು, ಅಪ್ಪ ನಮ್ಮೆದುರಿಗೆ ಅವ್ವನನ್ನು ಕರೆಯುತ್ತಿದ್ದಂತೆ, "ನಿಮ್ಮವ್ವ," ಎಂದು ಮೆಲ್ಲಗೆ ಹೇಳಿಕೊಟ್ಟರು. ಅದನ್ನೂ ಸೇರಿಸಿದೆ. ಪ್ರೋಗ್ರಾಮು ಓಡಿತು.

ಹೊಸಬರು ಹೇಗೆ ಕಲಿಯಬೇಕು ಎಂದು ಯಾರಾದರೂ ಒತ್ತಾಯ ಮಾಡಿ ಕೇಳಿದರೆ ನನಗೆ ಗೊತ್ತಿರುವುದು ಇಷ್ಟೇ. ಯಾರಿಗಾದರೂ ಬೇಕಾದದ್ದನ್ನು ಬರೆಯಿರಿ, ಸುಮ್ಮನೆ ಬರೆಯಬೇಡಿ. ಕಲಿಯುತ್ತ ಕಲಿಯುತ್ತ ಮಷೀನಿನ ಬಗ್ಗೆ ಸ್ವಲ್ಪ ತಿಳಿಯುತ್ತದೆ, ನಿಮ್ಮ ಕಾಲು ನಿಮಗೆ ಹೇಳದೆ ಏನೇನು ಮಾಡುತ್ತದೆ ಎಂಬುದು ಬಹಳ ತಿಳಿಯುತ್ತದೆ. ಯಾರನ್ನು ತುಳಿಯಬಾರದು ಎಂಬುದು ಮಷೀನಿಗೆ ಗೊತ್ತಿಲ್ಲ, ಅದನ್ನೂ ನಾವೇ ಹೇಳಬೇಕು. ಈಗ ಶಾಲೆಯ ಕೋಣೆಯಲ್ಲಿ ಬಟ್ಟೆ ತೆಗೆದಿಟ್ಟಿದ್ದೇನೆ, ಮಕ್ಕಳು ಒತ್ತುತ್ತಾರೆ, ಕೆಡಿಸುತ್ತಾರೆ, ಸರಿಮಾಡುತ್ತಾರೆ. ಚಪ್ಪಲಿ ಮಾತ್ರ ಹೊರಗೇ ಬಿಡುತ್ತೇವೆ. ಎಲ್ಲವನ್ನೂ ಒಮ್ಮೆಲೇ ಬದಲಿಸಲು ಆಗುವುದಿಲ್ಲ.

ಪ್ರೋಗ್ರಾಮು ಓಡಿದ ಆ ಭಾನುವಾರದ ಮಧ್ಯಾಹ್ನದ ಸಂಗತಿ ಹೇಳಿ ಮುಗಿಸುತ್ತೇನೆ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಇಟ್ಟು, ಅಪ್ಪನ ಎಡಗೈಯನ್ನು ಕೀಲಿಯ ಹತ್ತಿರ ಇರಿಸಿದೆವು. ಸುನಂದಾ ನೀರಿನ ಲೋಟ ಹಿಡಿದು ಒಂದು ಕಡೆ, ನಾನು ಔಷಧಿ ಡಬ್ಬಿ ಹಿಡಿದು ಇನ್ನೊಂದು ಕಡೆ. ಯಾವ ಮಾತು ಬಂದರೂ ಓಡಲು ತಯಾರಾಗಿ ನಿಂತಿದ್ದೆವು. ನೀರು ಬಂತು, ಹೋಯಿತು. ಚಾ ಹೋಯಿತು. ಚಾದರ ಹೋಯಿತು. ನಿಮ್ಮವ್ವ ಬಂದಾಗ ಅಪ್ಪ ಸ್ವಲ್ಪ ಹೊತ್ತು ನೋಡಿದ, ಆದರೆ ಒತ್ತಲಿಲ್ಲ. ಹೆಬ್ಬೆರಳಿಗೆ ಶಕ್ತಿ ಸಾಲದೇನೋ, ಕೀಲಿ ಕೆಟ್ಟಿದೆಯೇನೋ ಎಂದು ಬಾಗಿ ನೋಡಿದೆ. ಕಾಕಾ ತಾವಾಗಿ ಸೇರಿಸಿದ್ದ ಮಾತುಗಳು ಬರತೊಡಗಿದವು. ಅವನ್ನೆಲ್ಲ ನಾನು ಸರಿಯಾಗಿ ನೆನಪಿಟ್ಟುಕೊಂಡಿರಲಿಲ್ಲ. ಹೆಬ್ಬೆರಳು ಎದ್ದಿತು, ಇಳಿಯಿತು.

"ಜರಾ ಕುಂದ್ರು. ಆಮ್ಯಾಲ ಹೋಗೀಯಂತ."

ಕಾಕಾರ ದನಿ. ಆದರೆ ಮನೆಗೆ ಬಂದವರಿಗೆಲ್ಲ, ಅವಸರದಲ್ಲಿದ್ದವರಿಗೂ, ಅಪ್ಪ ಜೀವಮಾನವಿಡೀ ಅಂದ ಮಾತು. ನಾನು ಎಂದಿನಂತೆ ಬಾಗಿ ಕೇಳಿದೆ, "ಏನ್ ಬೇಕಪ್ಪಾ? ನೀರ್ ಕೊಡ್ಲೇನು? ಕಾಲ್ ಒತ್ತಲೇನು?"

ಅಪ್ಪ ನನ್ನನ್ನೇ ನೋಡುತ್ತ ಮತ್ತೆ ಕಾದ. ಮಾತುಗಳೆಲ್ಲ ಒಂದು ಸುತ್ತು ಹೋಗಿ ಬಂದವು. ಅದೇ ಮಾತಿಗೆ ಹೆಬ್ಬೆರಳು ಇಳಿಯಿತು.

"ಜರಾ ಕುಂದ್ರು. ಆಮ್ಯಾಲ ಹೋಗೀಯಂತ."

ನಾನು ಡಬ್ಬಿಯನ್ನು ಕೆಳಗಿಟ್ಟು ಮಂಚದ ಅಂಚಿಗೆ ಕೂತೆ. ಸುನಂದಾ ಲೋಟ ಹಿಡಿದುಕೊಂಡೇ ಕಾಲ ಬಳಿ ಕೂತಳು. ಅಪ್ಪ ಕೈಯನ್ನು ಕೀಲಿಯ ಮೇಲಿನಿಂದ ತೆಗೆದು ನನ್ನ ಕೈಯ ಮೇಲೆ ಇಟ್ಟ. ಮತ್ತೆ ಏನೂ ಕೇಳಲಿಲ್ಲ.